ಹನ್ನೊಂದು ವರ್ಷದ ಹೆಂಡತಿ, ಹೆಂಡತಿಯಲ್ಲವಂತೆ

ಹನ್ನೊಂದು ವರ್ಷ ಸಂಸಾರ ಮಾಡಿದ ಮೇಲೆ, ಅನ್ನವ್ವ ತನಗೆ ಹೆಂಡತಿಯೇ ಆಗಿರಲಿಲ್ಲ ಎಂದು ಗಂಡ ಗುದ್ಲೆಪ್ಪ ಚರ್ಚಿನ ಪಾದ್ರಿಗಳಿಗೆ ಹೇಳಿದ್ದಾನೆ.

ಅಕ್ಕಿಆಲೂರಿನಲ್ಲಿ ಕೋಳಿ ಕೂಗುವ ಹೊತ್ತು. ಯುದ್ಧದಿಂದ ಸೀಮೆಎಣ್ಣೆ ತುಟ್ಟಿ. ಚುರುಮುರಿ ಭಟ್ಟಿಯ ಉರಿಯೇ ದೀಪ. ಕಾದ ಉಸುಕಿಗೆ ಅನ್ನವ್ವ ಅಕ್ಕಿ ಸುರಿದು ಕಡ್ಡಿಯ ಕಟ್ಟಿನಿಂದ ಆಡಿಸುತ್ತಾಳೆ. ಉಸಿರು ಬಿಡುವಷ್ಟು ತಡವಾದರೂ ಕಾಳು ಕರಕಲು. ಬಿಸಿಲೇರುವುದರೊಳಗೆ ನಾಲ್ಕು ಚೀಲ, ಸಂತೆಯ ದಿನ ಆರು. ಊರೆಲ್ಲ ಒಗ್ಗರಣೆ ಹಾಕಿ ತಿನ್ನುತ್ತದೆ, ಹುರಿದ ಕೈ ಯಾರದೆಂದು ಕೇಳುವುದಿಲ್ಲ.

ಜೊತೆಗೆ ಜರಡಿ ಹಿಡಿಯುವ ಸಿದ್ದವ್ವ ಮೊದಲ ಗಂಡನನ್ನು ಪಂಚರ ಮುಂದೆ ಬಿಟ್ಟು, ಉಡಿಕೆಯ ಮರುಮದುವೆಯಾಗಿ ಇನ್ನೊಂದು ಮನೆ ಸೇರಿದವಳು. ಅವಳ ಹೊಸ ಹಸಿರು ಬಳೆ ಸದ್ದು ಮಾಡಿದರೆ ಅನ್ನವ್ವನ ಹೊಟ್ಟೆ ಭಟ್ಟಿಗಿಂತ ಮೊದಲು ಉರಿಯುತ್ತದೆ.

"ನಿಮ್ಮ ಕಿರಿಸ್ತಾನರಾಗ ಬಿಡಗಡಿ ಇಲ್ಲೇನ?" ಸಿದ್ದವ್ವ ಕೇಳುತ್ತಾಳೆ.

"ಇಲ್ಲ. ಕಟ್ಟಿದ್ದು ಬಿಚ್ಚಂಗಿಲ್ಲ. ಬೇಕಾದ್ರ ಕಟ್ಟೇ ಇಲ್ಲ ಅಂತಾರ."

"ಹೋಗ್ಲಿ ಬಿಡವಾ, ಮುದಿ ಎತ್ತಿನಂಥಾಂವ ತಪ್ಪಿದಾ."

"ನಿನಗೇನ, ನಿನ್ನ ಹಳೇ ಗಂಡ ಎದುರಾದ್ರ, ಇಂವ ನಾ ಬಿಟ್ಟ ಗಂಡ ಅಂತ ಉಗುಳಬಹುದು. ನಾ ಅಂವನ್ನ ಯಾರಂತ ಉಗುಳಲಿ?"

ಮದುವೆಯ ದಿನ ಪಾದ್ರಿಗಳು ಒಪ್ಪಿಗೆ ಕೇಳಿದಾಗ ಹೂಂ ಅಂದದ್ದು ಅವಳ ಸೋದರಮಾವ. ಹಿರಿಯರೆದುರು ಮದುಮಗಳು ಬಾಯಿ ತೆರೆಯುವ ರೂಢಿ ಇವರಲ್ಲಿಲ್ಲ. ಮತ ಬದಲಾದರೂ ನಾಚಿಕೆ ಬದಲಾಗಿರಲಿಲ್ಲ. ಅಂದಿನ ಪಾದ್ರಿಗಳು ಅದನ್ನೇ ಒಪ್ಪಿ ಮುಂದುವರಿದರು. ಹೆಣ್ಣು ಒಪ್ಪದ ಮದುವೆ ಮದುವೆಯಲ್ಲ ಎನ್ನುತ್ತಾರೆ ಈಗಿನವರು. ಮಾತು ನ್ಯಾಯದ್ದೇ. ಆದರೆ ಆ ನ್ಯಾಯ ಗುದ್ಲೆಪ್ಪನಿಗೆ ನೆನಪಾದದ್ದು ಹಾನಗಲ್ಲಿನಲ್ಲಿ ಇನ್ನೊಂದು ಹೆಣ್ಣು ಕಂಡ ಮೇಲೆ. ಹೆಣ್ಣಿನ ಬಾಯಿಗೆ ಬೆಲೆ ಬರುವುದು ಗಂಡಸಿಗೆ ಗರಜು ಬಿದ್ದಾಗ.

ಹಾನಗಲ್ಲಿನ ಆ ಹೆಣ್ಣಿನ ಹೆಸರನ್ನು ಅನ್ನವ್ವ ಬಾಯಿಗೆ ತರುವುದಿಲ್ಲ. "ಆಕಿ ತಾನ ಹೂಂ ಅಂತಾಳಂತ, ಗಟ್ಟಿಯಾಗಿ. ನನಗ ಯಾರೂ ಕಲಿಸಲಿಲ್ಲ" ಎಂದಷ್ಟೇ ಹೇಳಿ ಉಸುಕು ಕೆದರುತ್ತಾಳೆ.

ಬೆಳಗಾಗುತ್ತಲೇ ಪಾದ್ರಿಗಳ ಉಪದೇಶಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಐತಾರ ಬಂದು, ನನಗ ಮನಸ್ಸಿರಲಿಲ್ಲ ಅಂತ ಒಂದ ಮಾತು ಹೇಳಬೇ. ನಿನಗೂ ಇನ್ನೊಂದು ಮದುವಿ ಮಾಡ್ಕೊಳ್ಳಾಕ ಹಾದಿ ಆಕ್ಕತಿ."

"ಮನಸ್ಸಿತ್ರಿ. ಇನ್ನೂ ಐತಿ, ಅದ ನನ್ನ ಜಡ್ಡು."

"ಹಠ ಬ್ಯಾಡ. ಗುರುಗಳು ಹೇಳ್ಯಾರ."

ಅನ್ನವ್ವ ಕಡ್ಡಿಯ ಕಟ್ಟು ಕೆಳಗಿಟ್ಟು ಎದ್ದು ನಿಲ್ಲುತ್ತಾಳೆ. "ಅಂವಗ ಆಕಿ ಬೇಕಂದ್ರ, ಹೆಂಡ್ತಿನ್ನ ಬಿಟ್ಟು ಹೊಂಟೇನಿ ಅಂತ ನಾಕ ಮಂದ್ಯಾಗ ಹೇಳಿ ಹೋಗಲಿ. ನಾ ಐತಾರ ಬರ್ತೇನ್ರಿ, ಪ್ರಾರ್ಥನಿಗೆ. ಆ ಮಾತು ಮಾತ್ರ ಹೇಳೂದಿಲ್ಲ."