ಅವ್ವನಿಗೆ ಒಗ್ಗಿದ ಟ್ಯೂನಿಂಗ್

ಹೋದ ಅಮಾವಾಸ್ಯೆಯ ದಿನ ನಮ್ಮವ್ವ ನನ್ನ ಕಾರಿನ ಮುಂದೆಯೇ ಹಾದುಹೋಗಿ ಬಾದಾಮಿ ಹತ್ತಿರದ ಶಿವಯೋಗ ಮಂದಿರಕ್ಕೆ ಬಸ್ ಹತ್ತಿದಳು.

ಜಗಳವೇನೂ ಆಗಿರಲಿಲ್ಲ. ಕಾರು ಟ್ಯೂನ್ ಮಾಡಿಸಿದ್ದೆ, ಅಷ್ಟೇ.

ಟರ್ಬೊ ಕಾರು ಇರುವವರಿಗೆ ಗೊತ್ತು. ಇಂಜಿನ್‌ಗೆ ಎಷ್ಟು ಗಾಳಿ ತುಂಬಬೇಕು, ಎಷ್ಟು ಡೀಸೆಲ್ ಕೊಡಬೇಕು ಎಂದು ಹೇಳಲು ಒಳಗೊಂದು ಕಂಪ್ಯೂಟರ್ ಇರುತ್ತದೆ. ಅದೇ ಇಸಿಯು. ಕಂಪನಿಯವರು ಅದಕ್ಕೆ ಕೈ ಬಿಗಿ ಹಿಡಿಯಲು ಕಲಿಸಿ ಕಳಿಸಿರುತ್ತಾರೆ. ಆ ಬಿಗಿ ಸಡಿಲಿಸಿ ಪವರ್ ಹೆಚ್ಚಿಸುವವರು ಹುಬ್ಬಳ್ಳಿಯಲ್ಲಿದ್ದಾರೆಂದು ಯಾರೋ ಹೇಳಿದರು. ನನ್ನ ನಿದ್ದೆ ಕೆಟ್ಟಿತು.

ಹೊರಗಿನಿಂದ ಜೋಡಿಸುವ ಟ್ಯೂನಿಂಗ್ ಬಾಕ್ಸ್ ಸಾಕೋ? ಇಸಿಯು ಒಳಗಿನ ಲೆಕ್ಕವನ್ನೇ ಬದಲಿಸುವ ರೀಮ್ಯಾಪ್ ಬೇಕೋ? ಇಡೀ ಇಸಿಯುವನ್ನೇ ಕಿತ್ತು ಹೊಸದು ಹಾಕಿಸಬೇಕೋ? ಮಗಳಿಗೆ ಗಂಡು ನೋಡುವಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ. (ಇದನ್ನು ಅಳಿಯ ಓದದಿದ್ದರೆ ಒಳ್ಳೆಯದು.)

ಕೊನೆಗೆ ರೀಮ್ಯಾಪ್ ಎಂದು ನಿರ್ಧರಿಸಿದೆ. ಟ್ಯೂನರ್ ಲ್ಯಾಪ್‌ಟಾಪ್ ಜೋಡಿಸಿ ಕೇಳಿದ: “ಗಾಡ್ಯಾಗ ಎಷ್ಟು ಮಂದಿ ಕುಂಡ್ರತೀರಿ ಸರ?”

“ನಾ ಒಬ್ಬನರಿ,” ಎಂದೆ.

ಬಾಗಲಕೋಟೆಯವನು ಆಡಬಾರದ ಮಾತು. ನಮ್ಮಲ್ಲಿ ಕಾರಿನಲ್ಲಿ ಒಬ್ಬನೇ ಹೋಗುವವನು ಮನೆಯಲ್ಲಿ ಜಗಳ ಆಡಿ ಬಂದವನು. ಉಳಿದವರ ಕಾರು ಓಣಿ ದಾಟುವುದರೊಳಗೆ ತುಂಬಿರುತ್ತದೆ. ಆದರೂ ಖಾಲಿ ಕಾರಿಗೆ ತಕ್ಕಂತೆ ಟ್ಯೂನಿಂಗ್ ಆಯಿತು.

ಮರುದಿನ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಆಕ್ಸಿಲರೇಟರ್ ಒತ್ತಿದೆ. ಅವಳ ತಲೆ ಹಿಂದಕ್ಕೆ ಬಡಿಯಿತು. ಮಡಿಲಲ್ಲಿದ್ದ ಬಾಳೆಹಣ್ಣು ಕೆಳಗೆ ಬಿದ್ದವು.

“ಇಳಸ ನನ್ನ. ಇನ್ನ ಮ್ಯಾಲೆ ನಾ ಬಸ್ಸಿನ್ಯಾಗ ಹೋಗ್ತೇನಿ.”

ಪ್ರತಿ ಅಮಾವಾಸ್ಯೆಗೆ ನಾವಿಬ್ಬರೂ ಶಿವಯೋಗ ಮಂದಿರಕ್ಕೆ ಹೋಗುವುದು ರೂಢಿ. ಮನೆಯಲ್ಲಿ ಟಿವಿ ಮುಂದೆ ಸುಮ್ಮನೆ ಕೂರುವ ಅವ್ವ ಕಾರಿನಲ್ಲಿ ಮಾತಾಡುತ್ತಾಳೆ. ಅಪ್ಪನ ಕಥೆಗಳನ್ನೆಲ್ಲ ನಾನು ಕೇಳಿದ್ದು ಆ ದಾರಿಯಲ್ಲೇ. ಹೋದ ಅಮಾವಾಸ್ಯೆಗೆ ಅವಳ ಬಸ್ಸಿನ ಹಿಂದೆ ಒಬ್ಬನೇ ಹೋಗುವಾಗ ನಿಜಕ್ಕೂ ಸಂಕಟವಾಯಿತು. (ಓವರ್‌ಟೇಕ್ ಮಾಡುವಷ್ಟು ಪವರ್ ಇತ್ತು. ಮಾಡಲಿಲ್ಲ.)

ಈ ಅಮಾವಾಸ್ಯೆಗೆ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಅವ್ವ ವಿಧಿಯಿಲ್ಲದೆ ಕಾರು ಹತ್ತಿದಳು. ಕೂತ ಕೂಡಲೇ ಬಾಗಿಲ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಕೆರೂರಿನಲ್ಲಿ ನನ್ನ ಸೋದರತ್ತೆ ಕಾಯುತ್ತಿದ್ದರು. ಜೊತೆಗೆ ಅವರ ನೆರೆಮನೆಯ ಇಬ್ಬರು, ದೊಡ್ಡದೊಂದು ರೊಟ್ಟಿ ಗಂಟು.

ಕೆರೂರು ದಾಟಿದ ಮೇಲೆ ಏರು ಬಂತು. ಇಷ್ಟು ಭಾರ ಎಳೆಯಲು ಟರ್ಬೊ ಅಳತೆ ಮೀರಿ ಗಾಳಿ ತುಂಬಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಇಂಜಿನ್ ತನ್ನ ಜೀವ ಉಳಿಸಿಕೊಳ್ಳಲು ತಾನೇ ಪವರ್ ಕಡಿಮೆ ಮಾಡಿಕೊಂಡಿತು. ಇದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ. ಅಂದರೆ ಕಾರು ಕುಂಟುತ್ತಾ ಹೋಗುತ್ತದೆ. ಟ್ರ್ಯಾಕ್ಟರೊಂದು ಹಾರ್ನ್ ಹೊಡೆದು ನಮ್ಮನ್ನು ದಾಟಿತು.

ಬದಿಗೆ ನಿಲ್ಲಿಸಿ ಟ್ಯೂನರ್‌ಗೆ ಫೋನ್ ಮಾಡಿದೆ.

“ಎಷ್ಟು ಮಂದಿ ಅದೀರಿ ಸರ?”

“ಐದ ಮಂದಿ. ಮತ್ತ ರೊಟ್ಟಿ.”

“ಹಗೂರ್ಕ ಹೊಡ್ಕೊಂಡ ಹೋಗ್ರಿ. ನಾಳೆ ತಗೊಂಡ ಬರ್ರಿ, ಸರಿ ಮಾಡಿ ಕೊಡ್ತೇನಿ.”

ಮೆಲ್ಲಗೇ ಹೋದೆ. ಅವ್ವ ಮೊದಲು ಒಂದು ಕೈ ಬಿಟ್ಟಳು. ಆಮೇಲೆ ಇನ್ನೊಂದು. ಬಾಳೆಹಣ್ಣು ಸುಲಿದಳು. ಬಾದಾಮಿ ಬರುವಷ್ಟರಲ್ಲಿ, ಅಪ್ಪ ಹೆಣ್ಣು ನೋಡಲು ಬಂದು ಯಾರದೋ ಚಪ್ಪಲಿ ಮೆಟ್ಟಿಕೊಂಡು ವಾಪಸ್ ಹೋದ ಕಥೆ ಮುಗಿದಿತ್ತು. ನಾನು ಅದನ್ನು ಅಲ್ಲಿವರೆಗೆ ಕೇಳಿರಲೇ ಇಲ್ಲ.

ಇಳಿಯುವಾಗ ಅತ್ತೆಗೆ ಹೆಮ್ಮೆಯಿಂದ ಹೇಳಿದಳು: “ಹುಬ್ಬಳ್ಳಿಗೆ ಹೋಗಿ ರಿಪೇರಿ ಮಾಡ್ಸ್ಯಾನ ನೋಡವಾ. ಈಗ ಗಾಡಿ ಭಾಳ ಚಲೋ ಹೊಂಟೈತಿ.”

ಹಳದಿ ದೀಪ ಇನ್ನೂ ಉರಿಯುತ್ತಿದೆ. ಟ್ಯೂನರ್ ದಿನವೂ ಫೋನ್ ಮಾಡುತ್ತಿದ್ದಾನೆ. ಮುಂದಿನ ಅಮಾವಾಸ್ಯೆಗೆ ಕಾರಿನಲ್ಲೇ ಬರುವುದಾಗಿ ಅವ್ವ ತಾನಾಗಿಯೇ ಹೇಳಿದ್ದಾಳೆ.

ನೀವೇ ಹೇಳಿ, ಈ ಗಾಡಿಯಲ್ಲಿ ಸರಿ ಮಾಡಿಸುವಂಥದ್ದು ಏನಿದೆ?