ಎರಡು ಅಚ್ಚಿನ ರೊಟ್ಟಿ

ಕೋಕಂದ್ ಊರಿನ ನಮ್ಮ ಬೀದಿಯಲ್ಲಿ ಹುಂಜಕ್ಕಿಂತ ಮೊದಲು ಏಳುವುದು ರೊಟ್ಟಿಮನೆಯ ಹೊಗೆ. ಒಣಗಿದ ಹತ್ತಿಕಡ್ಡಿಯ ಆ ಘಾಟು ಕಿಟಕಿಯ ಸಂದಿಯಿಂದ ಒಳಗೆ ನುಸುಳಿತೆಂದರೆ ಬೆಳಗಾಯಿತೆಂದೇ ಲೆಕ್ಕ. ಬೆಳಗಿನ ನಿದ್ದೆ ಕೆಡಿಸಿಕೊಂಡು ಪತ್ರಿಕೆಗೆ ಬರೆಯುವಂಥದ್ದು ಲೋಕದಲ್ಲಿ ಏನೂ ಇಲ್ಲ ಎಂದು ನಂಬಿದವಳು ನಾನು. ಆದರೂ ಇವತ್ತು ಶಾಲು ಹೊದ್ದು, ಗೊಣಗುತ್ತ, ಆ ಹೊಗೆಯ ಜಾಡು ಹಿಡಿದು ಬಂದಿದ್ದೇನೆ.

ಒಳಗೆ ಹೆಂಗಸರು ಆಗಲೇ ಕೆಲಸಕ್ಕಿಳಿದಿದ್ದಾರೆ. ಒಬ್ಬಳು ತಂದೂರಿಗೆ ಕಡ್ಡಿ ತುರುಕುತ್ತಿದ್ದಾಳೆ, ಇಬ್ಬರು ಹಿಟ್ಟಿನ ಉಂಡೆ ಕಟ್ಟುತ್ತಿದ್ದಾರೆ, ಮೂಲೆಯಲ್ಲಿ ಹಸಿರು ಚಹಾ ಕುದಿಯುತ್ತಿದೆ. ಬಾಗಿಲಲ್ಲಿ ರಿಸೋಲತ್ ಕಾಣಿಸುತ್ತಾರೆ. ಕುಳ್ಳಗಿನ ಮೈ, ಐವತ್ತು ದಾಟಿದ ವಯಸ್ಸು, ಮೊಣಕೈವರೆಗೂ ಹಳೆಯ ಸುಟ್ಟ ಕಲೆಗಳು. ಈ ರೊಟ್ಟಿಮನೆಯ ಮೇಸ್ತ್ರಿ ಇವರೇ. ಕೆಲಸದವರಿಗೆಲ್ಲ ಓಪಾ, ಅಂದರೆ ಅಕ್ಕ.

“ದಣಿಯದಿರಿ, ಹೆಣ್ಮಕ್ಳಾ!”

“ನೀವೂ ಚೆನ್ನಾಗಿರಿ, ಓಪಾ!”

ಮೇಸ್ತ್ರಿ ಎಂದ ಮೇಲೆ ನೆಟ್ಟಗೆ ಹೋಗಿ ಹಿಟ್ಟು ಮುಟ್ಟಿ ನೋಡಬೇಕಲ್ಲವೆ? ಇವರು ಹಿಟ್ಟಿನ ಕಡೆ ತಿರುಗಿಯೂ ನೋಡುವುದಿಲ್ಲ. ಮೊದಲು ಒಬ್ಬೊಬ್ಬರ ಮುಖ ನೋಡುತ್ತಾರೆ.

“ಏನೇ ಮವ್ಜೂದಾ, ಕಣ್ಣು ಕೆಂಪಗಿದೆ? ಮಗು ಮಲಗಲಿಲ್ವಾ?”

“ಮಗು ಮಲಗ್ತು ಓಪಾ. ಮಗೂನ ಅಪ್ಪ ಗೊರಕೆ ಹೊಡೆದು ನನ್ನ ಮಲಗೋಕೆ ಬಿಡಲಿಲ್ಲ.”

“ಹಾಗಾದ್ರೆ ಸ್ವಲ್ಪ ಹೊತ್ತು ಬೆಂಕಿ ಹತ್ರ ಬರಬೇಡ. ಚಹಾ ಕುಡಿ, ಎಳ್ಳು ಹಸನು ಮಾಡು. ಆಮೇಲೆ ನಿನ್ನ ಕೆಲಸ ಇದ್ದೇ ಇದೆ.”

ದಿನಕ್ಕೆ ಸಾವಿರದ ಆಸುಪಾಸು ರೊಟ್ಟಿ ಇಲ್ಲಿಂದ ಹೊರಬೀಳುತ್ತದೆ. ಹಳೆಯ ಮಕ್ಕಳಗಾಡಿಗಳಲ್ಲಿ ಬಟ್ಟೆ ಹೊದ್ದು ಮಲಗಿ, ಕೂಸುಗಳ ಹಾಗೆ ಬಜಾರಿಗೆ ಹೋಗುತ್ತದೆ. ಊರಿಗೆಲ್ಲ ಆ ರೊಟ್ಟಿ ಗೊತ್ತು. ಅದರ ಹಿಂದಿರುವ ಈ ಹೆಂಗಸನ್ನು ಪಕ್ಕದ ಬೀದಿಯವರೂ ಗುರುತಿಸುವುದಿಲ್ಲ.

ಗೋಡೆಯ ಮೊಳೆಗಳಿಗೆ ಸಾಲಾಗಿ ಚೆಕಿಚ್‌ಗಳು ನೇತುಬಿದ್ದಿವೆ. ಮರದ ಹಿಡಿಗೆ ಸಣ್ಣ ಸಣ್ಣ ಮೊಳೆ ಬಡಿದು ಮಾಡಿದ ಅಚ್ಚು ಅದು. ಹಸಿ ರೊಟ್ಟಿಯ ನಡುವೆ ಅದನ್ನು ಒತ್ತಿದರೆ ಅಂಚು ಮಾತ್ರ ದಪ್ಪಗೆ ಉಬ್ಬುತ್ತದೆ, ನಡು ಉಬ್ಬುವುದಿಲ್ಲ, ಬೇಯುವಾಗ ಚಿತ್ತಾರವೂ ಮೂಡುತ್ತದೆ. ಇಲ್ಲಿ ಒಬ್ಬೊಬ್ಬರದೂ ಬೇರೆ ಬೇರೆ ಅಚ್ಚು. ರಿಸೋಲತ್ ಅವರದು ಎಸಳಿನ ಹೂವು, ಮವ್ಜೂದಾಳದು ನಕ್ಷತ್ರ. ಎಲ್ಲರಿಗಿಂತ ಹಿರಿಯರಾದ ಇನೋಬತ್ ಖೋಲಾ ಅವರದು ದಾಳಿಂಬೆ. ಖೋಲಾ ಎಂದರೆ ದೊಡ್ಡಮ್ಮ. ಈ ಮನೆಯಲ್ಲಿ ಅವರು ಎಲ್ಲರಿಗೂ ದೊಡ್ಡಮ್ಮನೇ. ರಿಸೋಲತ್‌ಗೆ ತಂದೂರಿನ ಕೆಲಸ ಕಲಿಸಿದವರೂ ಅವರೇ.

ಹಿಂದಿನಿಂದ ಬಂದ ಕಟ್ಟುಪಾಡು ಒಂದಿದೆ. ಗಿರಾಕಿ ರೊಟ್ಟಿ ಹಿಡಿದುಕೊಂಡು ವಾಪಸು ಬಂದರೆ, ಹೊಗಳಲಿಕ್ಕಿರಲಿ ಬೈಯಲಿಕ್ಕಿರಲಿ, ಅಚ್ಚು ಯಾರದೋ ಅವರೇ ಹೊರಗೆ ಹೋಗಿ ನಿಲ್ಲಬೇಕು. ಮಾಡಿದ್ದುಣ್ಣೋ ಮಹರಾಯ.

ರಿಸೋಲತ್ ಮೇಸ್ತ್ರಿಯಾದದ್ದು ತಂದೂರಿನ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ ಎಂಬ ಕಾರಣಕ್ಕೆ. ಮಾಲೀಕ ಕೋಬಿಲ್ ಅಕಾ (ಅಕಾ ಅಂದರೆ ಅಣ್ಣ), ಇನ್ನು ಮೇಲೆ ಇವರನ್ನೆಲ್ಲ ನೀನೇ ನೋಡಿಕೋ ಎಂದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಕಲಿಸಿದ ಗುರುವಿಗೇ ಶಿಷ್ಯೆ ಮೇಲಿನವಳಾದಳು. ಆದರೆ ರೊಟ್ಟಿ ಬೇಯಿಸುವುದು ಬೇರೆ, ಬೇಯಿಸುವವರನ್ನು ನೋಡಿಕೊಳ್ಳುವುದು ಬೇರೆ.

“ನನಗೆ ಅದು ಗೊತ್ತೇ ಇರಲಿಲ್ಲ ಕಣ್ರೀ,” ಎಂದು ಪಿಂಗಾಣಿ ಬಟ್ಟಲಿಗೆ ಚಹಾ ಬಗ್ಗಿಸುತ್ತ ಹೇಳುತ್ತಾರೆ. “ಯಾರಾದ್ರೂ ಒಂಚೂರು ನಿಧಾನ ಮಾಡಿದ್ರೆ ಸಾಕು, ‘ಬಿಡು ಬಿಡು, ನಾನೇ ಮಾಡ್ತೀನಿ’ ಅಂತ ಕೈಯಿಂದ ಕಿತ್ಕೊಳ್ತಿದ್ದೆ. ಸಹಾಯ ಮಾಡ್ತಿದೀನಿ ಅಂದ್ಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿರೋದು, ಇವರೆಲ್ಲ ಗೋಡೆಗೆ ಒರಗಿ ನಿಂತಿರೋರು.”

ಮವ್ಜೂದಾಳ ಬಾಯಿಗೆ ಬೀಗವಿಲ್ಲ. ಅವಳು ಒಂದು ದಿನ ಅಂದೇಬಿಟ್ಟಳಂತೆ: “ಓಪಾ, ನಿಮಗೆ ಹದಿನಾರು ಕೈ ಕೊಡೋಕೆ ದೇವರು ಮರೆತ. ಅದಕ್ಕೇ ಪಾಪ, ನಮ್ಮನ್ನ ಕಳಿಸಿದಾನೆ.”

ಎಲ್ಲರೂ ನಕ್ಕರು. ರಿಸೋಲತ್ ಅವರಿಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ.

ಅದೇ ಚಳಿಗಾಲದಲ್ಲಿ ಕೋಬಿಲ್ ಅಕಾ ರಿಸೋಲತ್ ಅವರನ್ನು ಒಂದು ತರಬೇತಿಗೆ ಕಳಿಸಿದರು. ಕೆಲಸದವರನ್ನು ನಡೆಸುವುದು ಹೇಗೆಂದು ಹೇಳಿಕೊಡಲು ತಾಷ್ಕೆಂಟಿನಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಅರ್ಧ ಮಾತು ತಲೆಯ ಮೇಲೆ ಹಾರಿಹೋಯಿತೆಂದು ರಿಸೋಲತ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಒಂದು ಪ್ರಶ್ನೆ ಮಾತ್ರ ಮುಳ್ಳಿನ ಹಾಗೆ ಚುಚ್ಚಿಕೊಂಡು ಜೊತೆಗೇ ಮನೆಗೆ ಬಂತು. ಹೋದ ವಾರ ನಿಮ್ಮ ಕೆಲಸದವರಲ್ಲಿ ಯಾರನ್ನು, ಯಾವುದಕ್ಕಾಗಿ ಹೊಗಳಿದಿರಿ ಎಂದು ಅವಳು ಕೇಳಿದ್ದಳು.

“ಎಷ್ಟು ನೆನಪು ಮಾಡ್ಕೊಂಡ್ರೂ ಒಂದು ಹೆಸರೂ ಬರಲಿಲ್ಲ. ಒಳ್ಳೇ ಪ್ರಶ್ನೆ ಕೇಳಿದ್ಲು ಆ ಹುಡುಗಿ, ಅವಳ ಹೊಟ್ಟೆ ತಣ್ಣಗಿರಲಿ. ಮಾರನೇ ದಿನ ಬಂದವಳೇ ‘ಮವ್ಜೂದಾ, ಅಂಚು ಎಷ್ಟು ಚೆಂದ ಬಂದಿದೆಯೇ’ ಅಂದೆ. ಈ ಮಹಾತಾಯಿ ಏನು ಮಾಡಿದ್ಲು ಕೇಳಿ. ನನ್ನ ಹಣೆ ಮುಟ್ಟಿ ನೋಡಿದ್ಲು.”

“ಮತ್ತೇನು ಮಾಡ್ಲಿ?” ಎಳ್ಳಿನ ತಟ್ಟೆಯಿಂದ ಮವ್ಜೂದಾ ತಲೆ ಎತ್ತುತ್ತಾಳೆ. “ಜ್ವರಾನೇ ಬಂದಿದೆ ಅಂದ್ಕೊಂಡೆ.”

ಹಾಗೂ ಹೀಗೂ ಕಿತ್ತುಕೊಳ್ಳುವ ಚಾಳಿ ಹೋಯಿತು. ಹೋಯಿತೆಂದು ರಿಸೋಲತ್ ಅಂದುಕೊಂಡರು. ಅಷ್ಟರಲ್ಲಿ ಇನೋಬತ್ ಖೋಲಾ ಅವರ ಬಲಗೈ ನಡುಗಲು ಶುರುವಾಯಿತು.

ತಂದೂರಿನ ಮುಂದೆ ನಡುಗುವ ಕೈಗೆ ಮಾಫಿ ಇಲ್ಲ. ಕೈಗೆ ತೊಡುವ ದಿಂಬಿನಂಥ ಗಾದಿಯ ಮೇಲೆ ಹಸಿ ರೊಟ್ಟಿಯನ್ನು ಕವುಚಿ ಹಾಕಿ, ಬೆನ್ನಿಗೆ ನೀರು ಸವರಿ, ಬೆಂಕಿಯೊಳಗೆ ತೋಳು ಚಾಚಿ ತಂದೂರಿನ ಒಳಗೋಡೆಗೆ ಒಂದೇ ಏಟಿಗೆ ಬಡಿಯಬೇಕು. ಏಟು ಅತ್ತಿತ್ತ ಆದರೆ ರೊಟ್ಟಿ ಮಡಚಿಕೊಂಡು ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಇಲ್ಲವೆ ಬೂದಿಗೆ ಬೀಳುತ್ತದೆ. ಬಿದ್ದ ರೊಟ್ಟಿಯನ್ನು ಖೋಲಾ ಎತ್ತಿ, ಬೂದಿ ಕೊಡವಿ, ಮುತ್ತಿಟ್ಟು, ಹಣೆಗೆ ಒತ್ತಿಕೊಂಡು ಪಕ್ಕಕ್ಕಿಡುತ್ತಿದ್ದರು. ಪಕ್ಕಕ್ಕಿಟ್ಟ ಗುಡ್ಡೆ ದಿನದಿನಕ್ಕೆ ಬೆಳೆಯಿತು. “ನನ್ನ ಅಚ್ಚು ಗೋಡೆಯಿಂದ ಇಳಿದ ದಿನ ನಾನೂ ಹಾಸಿಗೆ ಹಿಡೀತೀನಿ” ಎಂದು ಅವರು ಯಾರಿಗೂ ಕೇಳಿಸದಂತೆ ಹೇಳಿಕೊಂಡದ್ದು ರಿಸೋಲತ್ ಕಿವಿಗೆ ಬಿದ್ದಿತ್ತು.

ಆಗ ರಿಸೋಲತ್ ಒಂದು ಉಪಾಯ ಹೂಡಿದರು. “ಖೋಲಾ, ನೀವು ಒಲೆ ನೋಡ್ಕೊಳ್ಳಿ, ಅಚ್ಚು ನಾನು ಒತ್ತಿ ಕೊಡ್ತೀನಿ” ಎಂದರು. ಒತ್ತಿದ್ದು ದಾಳಿಂಬೆಯನ್ನಲ್ಲ, ತಮ್ಮ ಹೂವನ್ನು. ರೊಟ್ಟಿ ಗಾದಿಯ ಮೇಲೆ ಕವುಚಿ ಬರುವುದರಿಂದ ಖೋಲಾ ಕಣ್ಣಿಗೆ ಬೀಳುತ್ತಿದ್ದದ್ದು ಅದರ ಬೆನ್ನು ಮಾತ್ರ. ಬೆಂದದ್ದನ್ನು ಕೊಕ್ಕೆಯಿಂದ ಬಿಡಿಸಿ ತೆಗೆಯುತ್ತಿದ್ದವಳು ಮವ್ಜೂದಾ. ಅವಳು ನೋಡಿಯೂ ನೋಡದವಳಂತೆ ಇದ್ದಳು. ಬೀಗವಿಲ್ಲದ ಬಾಯಿ ಅದೊಂದಕ್ಕೆ ಮುಚ್ಚಿಕೊಂಡಿತ್ತು. ಹೀಗೆ ಖೋಲಾ ಕೈಯ ಕೆಟ್ಟ ರೊಟ್ಟಿಗಳೆಲ್ಲ ರಿಸೋಲತ್ ಹೆಸರು ಹೊತ್ತು ಬಜಾರಿಗೆ ಹೋದವು, ದೂರುಗಳಿಗೆಲ್ಲ ರಿಸೋಲತ್ ಹೊರಗೆ ಹೋಗಿ ತಲೆ ಬಗ್ಗಿಸಿದರು.

ಅದೇ ಸಮಯಕ್ಕೆ ಇಲ್ಲಿಯ ಹಳೆಯ ಗಿರಾಕಿ ಸಬೋಹತ್ ಅಜ್ಜಿಯ ಮೊಮ್ಮಗನ ನಿಶ್ಚಿತಾರ್ಥ ಬಂತು. ನಮ್ಮಲ್ಲಿ ಎರಡೂ ಮನೆಯ ಹಿರಿಯರು ಕೂತು ರೊಟ್ಟಿ ಮುರಿದರೆ ಮಾತು ಮುಗಿದಂತೆ. ಅಂದು ಎಲ್ಲರ ಎದುರಿಗೆ ರೊಟ್ಟಿ ಮುರಿದರೆ ಒಳಗೆ ಹಸಿ ಹಿಟ್ಟು. ಅಜ್ಜಿ ಆ ಅರ್ಧ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನೇರ ಇಲ್ಲಿಗೇ ಬಂದಳು.

“ಬೀಗರ ಮುಂದೆ ನನ್ನ ಮುಖ ಎಲ್ಲಿಟ್ಕೊಳ್ಲಿ ಹೇಳು! ಹಸಿ ರೊಟ್ಟಿ ಮುರಿದ ಸಂಬಂಧ ಬೇಯುತ್ತಾ?”

ಅಚ್ಚು ಹೂವಿನದು, ರಿಸೋಲತ್ ನಿಂತು ಬೈಗುಳ ತಿಂದರು. ಒಳಗಿನಿಂದ ಬಂದ ಇನೋಬತ್ ಖೋಲಾ ಆ ತುಂಡನ್ನು ಕೈಗೆ ತೆಗೆದುಕೊಂಡರು. ಹೆತ್ತವಳಿಗೆ ಮಗುವಿನ ಗುರುತು ಸಿಗದೆ ಇರುತ್ತದೆಯೆ? ಮಡಚಿಕೊಂಡ ಅಂಚಿನ ಮೇಲೆ ಬೆರಳಾಡಿಸಿ, “ಇದು ನನ್ನ ಕೈ” ಎಂದರು.

ಮುಂದಿನದನ್ನು ಹೇಳುವಾಗ ರಿಸೋಲತ್ ದನಿ ಇಳಿಯುತ್ತದೆ. “ಬೈದಿದ್ರೆ ತಡ್ಕೊಳ್ತಿದ್ದೆ. ಅಳ್ತಾ ಅಂದ್ರು. ‘ಮೊದಲು ನಮ್ಮ ಕೈಯಿಂದ ಕೆಲಸ ಕಿತ್ಕೊಂಡೆ. ಈಗ ತಪ್ಪೂ ಕಿತ್ಕೊಂಡೆ. ನನ್ನದು ಅಂತ ಇಲ್ಲಿ ಇನ್ನೇನು ಉಳೀತೇ, ಮಗಳೇ?’ ಅಂದ್ರು.”

ಎಷ್ಟು ಪ್ರೀತಿಯಿಂದ ಮಾಡಿದ ತಪ್ಪು ಅದು! ಮನೆಯಲ್ಲಿ, ಕಚೇರಿಯಲ್ಲಿ, ನಮ್ಮ ಪತ್ರಿಕೆಯಲ್ಲೂ ಮೇಲೆ ಕೂತ ಒಳ್ಳೆಯವರು ದಿನಾ ಮಾಡುವುದು ಇದನ್ನೇ ಅಲ್ಲವೆ?

ಕೋಬಿಲ್ ಅಕಾ ಕೆಂಡವಾಗಿದ್ದರು. ಕೈಲಾಗದವರನ್ನು ಮನೆಗೆ ಕಳಿಸು ಎಂದರು. ಒಂದೇ ಒಂದು ಅವಕಾಶ ಕೊಡಿ ಎಂದು ರಿಸೋಲತ್ ಬೇಡಿಕೊಂಡರು. ಹಾಗಾದರೆ ಇನ್ನೊಂದು ದೂರು ಬಂದರೆ ಮುದುಕಿಯ ಅಚ್ಚನ್ನು ನಾನೇ ಗೋಡೆಯಿಂದ ಇಳಿಸುತ್ತೇನೆ ಎಂದು ಹೇಳಿ ಅವರು ಹೊರಟುಹೋದರು.

ಮರುದಿನ ಬೆಳಿಗ್ಗೆ ರಿಸೋಲತ್ ಖೋಲಾ ಪಕ್ಕದಲ್ಲಿ ಕೂತು ಚಹಾ ಕೊಟ್ಟರು. “ಖೋಲಾ, ನನಗೆ ಗೊತ್ತಾಗ್ತಿಲ್ಲ. ಏನು ಮಾಡೋಣ, ನೀವೇ ಹೇಳಿ” ಎಂದರು.

“ಹೇಳೋದು ಸುಲಭ, ಕೇಳೋದು ಕಷ್ಟ,” ಎನ್ನುತ್ತಾರೆ ಈಗ. “ಕೇಳಿ ಆದ್ಮೇಲೆ ಬಾಯಿ ಮುಚ್ಕೊಂಡು ಕೂರೋದಿದೆಯಲ್ಲ, ಅದಂತೂ ಪ್ರಾಣ ಹೋಗೋಷ್ಟು ಕಷ್ಟ. ನನ್ನ ಹತ್ರ ಆಗಲೇ ಉತ್ತರ ರೆಡಿ ಇತ್ತು. ಬಲು ಕಷ್ಟಪಟ್ಟು ನುಂಗಿಕೊಂಡೆ.”

ಖೋಲಾ ಬಟ್ಟಲು ಬರಿದು ಮಾಡಿ ಕೆಳಗಿಟ್ಟರಂತೆ. ಆಮೇಲೆ ಅಂದರು: “ಬೆರಳು ನಡುಗುತ್ತೆ, ಅಂಗೈ ನಡುಗಲ್ಲ. ಹಿಟ್ಟು ನಾನು ತಟ್ಟಿ ಕೊಡ್ತೀನಿ. ಒಲೆಗೆ ಬಡಿಯೋದನ್ನ ಆ ಬಾಯಿಬಡುಕಿ ಮಾಡ್ಲಿ.”

ರಿಸೋಲತ್ ನುಂಗಿಕೊಂಡ ಉತ್ತರ ಏನಿತ್ತು ಎಂದು ನಾನು ಕೇಳಿದೆ. ಖೋಲಾ ಅವರನ್ನು ಅಂಗಡಿಯ ಮುಂದೆ ಕುರ್ಚಿ ಹಾಕಿ ಕೂರಿಸಿ ಮಾರಾಟಕ್ಕೆ ಬಿಡುವುದು ಎಂದು ನಾಚಿಕೊಂಡು ಹೇಳಿದರು. ಅಷ್ಟು ಒಳ್ಳೆಯ ಅಂಗೈಯನ್ನು ಚಿಲ್ಲರೆ ಎಣಿಸಲಿಕ್ಕೆ ಹಚ್ಚುತ್ತಿದ್ದರು!

ಇಬ್ಬರು ಮಾಡಿದ ರೊಟ್ಟಿಗೆ ಯಾರ ಅಚ್ಚು ಎಂಬ ಪ್ರಶ್ನೆ ಬಂದಾಗ ಮವ್ಜೂದಾ ನಡುವೆ ದಾಳಿಂಬೆ ಒತ್ತಿ, ಅದರ ಪಕ್ಕದಲ್ಲಿ ತನ್ನ ನಕ್ಷತ್ರ ಒತ್ತಿದಳು. “ಬೈದ್ರೆ ಇಬ್ಬರೂ ಹೋಗೋಣ ಖೋಲಾ. ನೀವು ಅಳಿ, ನಾನು ಜಗಳ ಆಡ್ತೀನಿ” ಎಂದಳು. ಅಲ್ಲಿಂದೀಚೆಗೆ ಎರಡು ಅಚ್ಚಿನ ರೊಟ್ಟಿ ಹಿಡಿದು ಯಾರೂ ವಾಪಸು ಬಂದಿಲ್ಲ.

ಹಸಿ ರೊಟ್ಟಿ ಮುರಿದ ಸಂಬಂಧ ಚೆನ್ನಾಗಿಯೇ ಬೆಂದಿದೆ. ಸಬೋಹತ್ ಅಜ್ಜಿಯ ಮೊಮ್ಮಗನಿಗೆ ಮಗುವಾಗಿದೆ, ಇವತ್ತು ಅದರ ತೊಟ್ಟಿಲ ಹಬ್ಬ. ಅಂದಿನಿಂದ ಈ ಕಡೆ ತಲೆ ಹಾಕದ ಅಜ್ಜಿ ಮೊದಲ ಸಲ ರೊಟ್ಟಿ ಹೇಳಿಕಳಿಸಿದ್ದಾಳೆ, ಒಯ್ಯಲು ತಾನೇ ಬರುತ್ತಾಳಂತೆ. ಹಾಗಾಗಿಯೇ ಇವತ್ತು ಎಲ್ಲರೂ ಒಂದೊಂದು ಉಂಡೆಯನ್ನೂ ಎರಡೆರಡು ಸಲ ನೋಡುತ್ತಿದ್ದಾರೆ. ಹೊತ್ತು ಹುಟ್ಟುವ ಮೊದಲೇ ಕೋಬಿಲ್ ಅಕಾ ಕೂಡ ಬಂದು ಹೊರಗೆ ನಿಂತಿದ್ದಾರೆ.

ಖೋಲಾ ಹಿಟ್ಟು ತಟ್ಟುತ್ತಾರೆ. ಮವ್ಜೂದಾ, ಈಗ ಕಣ್ಣಿನ ಕೆಂಪು ಇಳಿದವಳು, ತೋಳಿಗೆ ದಪ್ಪ ಗವಸು ಏರಿಸಿ ಬೆಂಕಿಯೊಳಗೆ ಬಾಗುತ್ತಾಳೆ. ಒಂದು ರೊಟ್ಟಿ ಓರೆಯಾಗಿ ಅಂಟುತ್ತದೆ. ರಿಸೋಲತ್ ಅವರ ಕೈ ತಾನಾಗಿ ಮುಂದೆ ಹೋಗುತ್ತದೆ. ಅರ್ಧ ದಾರಿಯಲ್ಲಿ ಅದನ್ನು ಹಿಂದಕ್ಕೆ ಎಳೆದುಕೊಂಡು, ಎರಡೂ ಕೈಯನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ನಿಲ್ಲುತ್ತಾರೆ. ಮವ್ಜೂದಾ ಆ ರೊಟ್ಟಿಯನ್ನು ತಾನೇ ನೋಡಿ ಕಿತ್ತು ಪಕ್ಕಕ್ಕಿಡುತ್ತಾಳೆ.

ಅಜ್ಜಿ ಬರುತ್ತಾಳೆ. ಸಲಾಮು, ಕ್ಷೇಮಸಮಾಚಾರ ಎಲ್ಲ ಮುಗಿದ ಮೇಲೆ ಗುಡ್ಡೆಯ ನಡುವಿನಿಂದ ಒಂದು ರೊಟ್ಟಿ ಎಳೆದು, ಎರಡೂ ಕೈಯಲ್ಲಿ ಹಿಡಿದು, ಎಲ್ಲರ ಎದುರಿಗೇ ಮುರಿಯುತ್ತಾಳೆ. ಹಬೆ ಏಳುತ್ತದೆ. ಒಳಗಡೆ ಇಣುಕಿ ನೋಡುತ್ತಾಳೆ, ಮೂಸುತ್ತಾಳೆ, ಒಂದು ಚೂರು ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ಅಗಿಯುತ್ತಾಳೆ. ಕೋಬಿಲ್ ಅಕಾ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಳ್ಳುತ್ತಾರೆ.

“ಇದರಲ್ಲಿ ಎರಡು ಅಚ್ಚಿದೆ. ಯಾರದು? ಹೊರಗೆ ಬನ್ನಿ.”

ಇಬ್ಬರೂ ಹೋಗಿ ನಿಲ್ಲುತ್ತಾರೆ. ಖೋಲಾ ನಡುಗುವ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಾರೆ. ಅಜ್ಜಿ ಆ ಕೈಯನ್ನೇ ಹುಡುಕಿ ಮುಂದಕ್ಕೆ ಎಳೆದು, ತನ್ನ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ.

“ಮರಿಮಗೂಗೆ ಹಲ್ಲು ಬರಲಿ. ಅದರ ಬಾಯಿಗೆ ಬೀಳೋ ಮೊದಲ ತುತ್ತು ಈ ಕೈಯ ರೊಟ್ಟೀದೇ. ಅಲ್ಲಿವರೆಗೂ ಎಲ್ಲೂ ಹೋಗಬೇಡಿ, ತಿಳೀತಾ?”

“ಎಲ್ಲಿಗೆ ಹೋಗ್ತಾರೆ ಬಿಡಿ, ಅಜ್ಜಿ,” ಎಂದು ಕೋಬಿಲ್ ಅಕಾ ಟೊಪ್ಪಿಗೆ ಮತ್ತೆ ತಲೆಗೇರಿಸುತ್ತಾರೆ. “ಅವರ ಅಚ್ಚು ನಮ್ಮ ಗೋಡೆ ಮೇಲೇ ಇದೆಯಲ್ಲ.”

ಹೊರಗೆ ನಗು, ಅಳು, ಮವ್ಜೂದಾಳ ಮಾತು ಎಲ್ಲ ಒಟ್ಟಿಗೆ ಕೇಳಿಸುತ್ತಿದೆ. ಕೆಲಸದ ಹೆಂಗಸರೆಲ್ಲ ಬಾಗಿಲಿಗೆ ಮುತ್ತಿಕೊಂಡಿದ್ದಾರೆ. ರಿಸೋಲತ್ ಒಬ್ಬರೇ ಒಳಗೆ, ಎಲ್ಲರಿಗೂ ಬೆನ್ನು ಮಾಡಿ, ನಾಳಿನ ರೊಟ್ಟಿಗೆ ಹುಳಿಹಿಟ್ಟು ಕಲಸುತ್ತಿದ್ದಾರೆ. ನಾನು ಹತ್ತಿರ ಹೋಗಿ, ನೀವು ಹೊರಗೆ ಹೋಗುವುದಿಲ್ಲವೆ ಎಂದು ಕೇಳುತ್ತೇನೆ.

ಅವರು ಹಿಟ್ಟಿನ ಕೈಯನ್ನು ಮೇಲೆತ್ತಿ, ಮೊಣಕೈಯಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

“ನಾನ್ಯಾಕೆ ಹೋಗ್ಲಿ? ಅದರ ಮೇಲೆ ನನ್ನ ಅಚ್ಚಿಲ್ವಲ್ಲ.”