ಸಂಕ್ರಾಂತಿಯ ಮಂಜುಗಡ್ಡೆ

ಅರೋರಾ ಎಂಬ ಈ ಪರದೇಶದ ಚಳಿಯ ಊರಿನಲ್ಲಿ ನಮ್ಮ ಮನೆಯ ಹಿಂದೆ ಒಂದು ಕೊಳವಿದೆ. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಸಂಕ್ರಾಂತಿಯ ಬೆಳಿಗ್ಗೆ ಹನ್ನೊಂದಕ್ಕೆ ನಾನು ಅದರ ನಡುವೆ ನಿಂತು, ಬೈರಿಗೆಯಿಂದ ತೂತು ಕೊರೆದು, ಮಂಜುಗಡ್ಡೆಯ ದಪ್ಪ ಅಳೆದು ಪುಸ್ತಕದಲ್ಲಿ ಬರೆಯುತ್ತ ಬಂದಿದ್ದೇನೆ. ಸಿವಿಲ್ ಎಂಜಿನಿಯರನ ಚಾಳಿ, ಏನನ್ನಾದರೂ ಅಳೆಯದಿದ್ದರೆ ಊಟ ಸೇರುವುದಿಲ್ಲ. ಸಂಕ್ರಾಂತಿಯನ್ನೇ ಆರಿಸಿಕೊಂಡದ್ದಕ್ಕೂ ಕಾರಣವಿದೆ. ನಮ್ಮ ಹಬ್ಬಗಳಲ್ಲಿ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ, ಒಂದು ದಿನ ಆಚೀಚೆ ಬಿಟ್ಟರೆ, ಅಲುಗಾಡದೆ ಕೂರುವುದು ಅದೊಂದೇ, ವರ್ಷ ವರ್ಷಕ್ಕೆ ಹೋಲಿಸಬಹುದು.

ಅಳತೆ ಮುಗಿದ ಮೇಲೆ ಅಲ್ಲೇ ನಿಂತು ಎಳ್ಳು ಬೆಲ್ಲ ತಿನ್ನುವುದು ನಮ್ಮ ಮನೆಯ ಪದ್ಧತಿ. ನಡೆಯಲು ಕಲಿತಾಗಿನಿಂದ ಡಬ್ಬಿ ಹಿಡಿಯುವುದು ಮಗಳ ಮಗಳ ಹಕ್ಕು. ಅವಳಿಗೆ ಈಗ ಎಂಟು ವರ್ಷ.

ಪುಸ್ತಕದ ಮೊದಲ ಪುಟದಲ್ಲಿ ಹದಿನೆಂಟು ಇಂಚು ಎಂದಿದೆ. ನಡುವೆ ಒಂದೆರಡು ವರ್ಷ ಏರಿದರೂ ಮತ್ತೆ ಇಳಿತವೇ. ಹದಿನಾಲ್ಕು, ಒಂಬತ್ತು, ಕಳೆದ ವರ್ಷ ಐದು ಇಂಚು. ಆದರೂ ಪುಸ್ತಕವನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ. ಮಂಜುಗಡ್ಡೆಯ ಮೇಲೆ ಇಳಿಯಬೇಡಿ ಎಂದು ದಡದಲ್ಲಿ ನಗರಸಭೆಯ ಬೋರ್ಡು ಬಂದಾಗ ನನಗೆ ಸಿಟ್ಟೇ ಬಂತು. ಅಳೆಯದೆ ಬೋರ್ಡು ನೆಡುವವರ ಮಾತನ್ನು ಅಳೆಯುವವನು ಏಕೆ ಕೇಳಬೇಕು?

ಈ ವರ್ಷ ಹಬ್ಬದ ಹಿಂದಿನ ವಾರವೆಲ್ಲ ಮಳೆ. ಜನವರಿಯಲ್ಲಿ, ಇಲ್ಲಿ.

"ಇವತ್ತು ಬೇಡ ಕಣ್ರೀ. ಚಳಿ ಬಂದ್ಮೇಲೆ ನೋಡಿದ್ರಾಯ್ತು," ಎಂದಳು ಹೆಂಡತಿ.

"ಇಷ್ಟು ವರ್ಷ ಒಂದ್ಸಲಾನೂ ತಪ್ಪಿಲ್ಲ. ರೆಕಾರ್ಡು ಹಾಳಾಗತ್ತೆ," ಎಂದೆ.

ಮೊಮ್ಮಗಳೂ ಸೇರಿ ಮೂವರೂ ಹೊರಟೆವು. ದಡದ ಹತ್ತಿರ, ಮರದ ನೆರಳಿನಲ್ಲಿ ಮೊದಲ ತೂತು ಕೊರೆದೆ. ನಾಲ್ಕು ಇಂಚು. ಸಾಕು ಎಂದುಕೊಂಡೆ. ದಡದಲ್ಲೇ ನಿಂತಿದ್ದ ಹೆಂಡತಿಯೊಂದಿಗಿನ ವಾದ ಗೆಲ್ಲಬೇಕಿತ್ತಲ್ಲ, ಅವಳತ್ತ ತಿರುಗಿ ಸ್ಕೇಲು ಎತ್ತಿ ತೋರಿಸಿದೆ.

ಅಷ್ಟರಲ್ಲಿ ಮೊಮ್ಮಗಳು ಡಬ್ಬಿ ಹಿಡಿದು ಕೊಳದ ನಡುವಿಗೆ ನಡೆದುಬಿಟ್ಟಿದ್ದಳು. ಅದು ನಮ್ಮ ಜಾಗ ಎಂದು ಅವಳಿಗೆ ಕಲಿಸಿದವನು ನಾನೇ. ಪಟ್ ಎಂದು ಸದ್ದಾಯಿತು. ಅವಳು ನಿಂತಳು. ಬೂಟಿನ ಸುತ್ತ ನೀರು ಒಸರುತ್ತಿತ್ತು.

"ತಾತಾ, ಇಟ್ಸ್ ವೆಟ್," ಎಂದಳು.

ಓಡಿಹೋದರೆ ನನ್ನ ಭಾರಕ್ಕೆ ಇಬ್ಬರೂ ಒಳಗೆ. ಇಡೀ ವೃತ್ತಿಜೀವನ ಸೇತುವೆಗಳ ಭಾರ ಲೆಕ್ಕ ಹಾಕಿದವನು ಅವತ್ತು ಒಂದು ಮಗುವಿನ ಭಾರದ ಲೆಕ್ಕ ತಪ್ಪಿದ್ದೆ.

"ಹೊಟ್ಟೆ ಮೇಲೆ ಮಲ್ಕೋ ಪುಟ್ಟಿ. ಏಳ್ಬೇಡ. ತೆವಳ್ಕೊಂಡು ನನ್ ಹತ್ರ ಬಾ."

ಅವಳು ಮಲಗಿದಳು, ಆದರೆ ಡಬ್ಬಿ ಬಿಡಲಿಲ್ಲ. "ಡಬ್ಬಿ ಹೋಗ್ಲಿ ಬಿಡೇ," ಎಂದು ಅಜ್ಜಿ ದಡದಿಂದ ಕೂಗಿದ ಮೇಲೆ ಬಿಟ್ಟಳು. ನಾನೂ ಬೋರಲಾಗಿ ಮಲಗಿ ಬೈರಿಗೆಯ ಹಿಡಿಯನ್ನು ಅವಳತ್ತ ಚಾಚಿದೆ. ಕಿವಿಗೆ ಒತ್ತಿಕೊಂಡಿದ್ದ ಮಂಜುಗಡ್ಡೆಯೊಳಗಿಂದ ಚಿಟಿಚಿಟಿ ಸದ್ದು ಕೇಳುತ್ತಿತ್ತು. ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಅವಳ ಕೈಗವಸು ಹಿಡಿಗೆ ತಾಗಿದಾಗ ಎಳೆದುಕೊಂಡು ಇಬ್ಬರೂ ದಡಕ್ಕೆ ಉರುಳಿದೆವು.

ಡಬ್ಬಿ ಅಲ್ಲೇ ಉಳಿಯಿತು. ಮಧ್ಯಾಹ್ನ ಕಿಟಕಿಯಿಂದ ನೋಡಿದಾಗ ಆ ಜಾಗದಲ್ಲಿ ಕಪ್ಪು ನೀರಿತ್ತು.

ಪುಸ್ತಕ ತೆರೆದು ಕುಳಿತೆ. ಕೊಳದ ನಡುವೆ ಅಳೆದೇ ಇರಲಿಲ್ಲ, ಏನು ಬರೆಯುವುದು? ಹೆಂಡತಿ ನನ್ನ ಮುಖ ನೋಡದೆ ಹೇಳಿದಳು: "ಮಗೂನ ಭಾರ ತಡೆಯೋ ಅಷ್ಟಿಲ್ಲ ಅಂತ ಬರೀರಿ."

ಹಾಗೇ ಬರೆದೆ. ಅದರ ಮುಂದೆ ಇನ್ನೂ ಬಹಳ ಖಾಲಿ ಪುಟಗಳಿದ್ದವು. ಅವನ್ನು ತುಂಬಿಸುವಷ್ಟು ಆಯಸ್ಸು ನನಗಿಲ್ಲ. ಆ ವರ್ಷಗಳನ್ನೆಲ್ಲ ಇಲ್ಲೇ ಬದುಕಬೇಕಾದವಳು ಪಕ್ಕದ ಕೋಣೆಯಲ್ಲಿ ಹೀಟರಿನ ಮೇಲೆ ಒದ್ದೆ ಸಾಕ್ಸು ಒಣಗಿಸುತ್ತಿದ್ದಳು. ಕೊಳದ ಮೇಲೆ ಆಗಿದ್ದಕ್ಕಿಂತ ಹೆಚ್ಚು ಭಯ ನನಗೆ ಆಗ ಆಯಿತು.